ಕೈ ತೋರಿಸಿದಲ್ಲೆಲ್ಲ ನಿಲ್ಲುವ ಮನೆ

ಬಸ್ಸಿಗೆ ಕೈ ತೋರಿಸಲು ನನಗೆ ನಾಚಿಕೆ. ಮೊಮ್ಮಕ್ಕಳನ್ನು ಕಂಡ ಮೇಲೂ ಹೋಗದ ನಾಚಿಕೆ ಇದು. ಬೇರೆಯವರಿಗೆ ಇದೊಂದು ವಿಷಯವೇ ಅಲ್ಲ. ಬಸ್ಸು ಬಂತು, ಕೈ ಎತ್ತಿದರು, ನಿಂತಿತು, ಹತ್ತಿದರು. ನನಗೆ ಹಾಗಾಗುವುದಿಲ್ಲ. ಅಷ್ಟು ದೊಡ್ಡ ಗಾಡಿ, ಒಳಗೆ ಅಷ್ಟೊಂದು ಜನ, ಒಬ್ಬೊಬ್ಬರಿಗೂ ಒಂದೊಂದು ಅವಸರ. ನಾನೊಬ್ಬಳು ಕೈ ಎತ್ತಿದೆ ಎಂದು ಅದೆಲ್ಲ ಗಕ್ಕನೆ ನಿಂತು, ಕಿಟಕಿಯಲ್ಲಿದ್ದ ತಲೆಗಳೆಲ್ಲ ನನ್ನ ಕಡೆ ತಿರುಗಿ, ‘ಇವಳಾ ನಿಲ್ಲಿಸಿದ್ದು’ ಎಂದು ನೋಡಿದರೆ? ಅದಕ್ಕಿಂತ ನಡೆದು ಹೋಗುವುದು ಮೇಲು ಅನ್ನಿಸುತ್ತದೆ. ಎಷ್ಟೋ ಸಲ ನಡೆದೇ ಹೋಗಿದ್ದೇನೆ.

ಇದನ್ನು ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಚೇತು, ಸಿಂಚು, ಹೋದ ಭಾನುವಾರ ನೀವಿಬ್ಬರೂ ಸಾಗರದಿಂದ ಬಂದು ಅಜ್ಜನ ಗಾಡಿಯ ಮೇಲಿನ ತಾಡಪಾಲು ಎಳೆದು ತೆಗೆದಿರಲ್ಲ, ಅದಕ್ಕೆ. ದಸರಾ ರಜೆಯಲ್ಲಿ ಅದನ್ನು ಸಮುದ್ರದ ಕಡೆ ಹೊರಡಿಸುತ್ತೀರಂತೆ. ಚೇತು ಸ್ಟೇರಿಂಗ್ ಹಿಡಿಯುವುದು, ಪಕ್ಕದಲ್ಲಿ ಸಿಂಚು, ಹಿಂದೆ ಅವಳ ಗೆಳತಿಯರಿಬ್ಬರು. ಸೀಟು ಹಂಚಿಕೆ ಎಲ್ಲ ಜಗಲಿಯ ಮೇಲೆ ಆಯಿತು. ನಾನು ಒಳಗೆ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ‘ಅಜ್ಜಿ?’ ಎಂದು ಸಿಂಚು ಕೇಳಿದ್ದೂ, ‘ಅಜ್ಜಿಗೆ ಮಂಡಿನೋವಲ್ಲನೇ, ಅವಳೆಲ್ಲಿ ಬರ್ತಾಳೆ’ ಎಂದು ಚೇತು ಹೇಳಿದ್ದೂ ಕೇಳಿಸಿತು. ಪ್ರೀತಿಯಿಂದಲೇ ಹೇಳಿದ್ದು, ನನಗೆ ಗೊತ್ತು. ‘ನಾನೂ ಬರ್ತೀನಿ ಮಕ್ಕಳೇ’ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಆ ಮಾತು ಗಂಟಲಿನವರೆಗೆ ಬಂದು, ಸಾಸಿವೆ ಸಿಡಿದ ಸದ್ದಿಗೆ ಹೆದರಿದ ಹಾಗೆ ವಾಪಸು ಹೋಯಿತು. ಅವಲಕ್ಕಿ ತಂದು ಇಟ್ಟೆ. ತಿಂದಿರಿ. ಹೊರಡುವಾಗ ಸಿಂಚು, ‘ಅಜ್ಜಿ, ಅಜ್ಜನೂ ನೀನೂ ಹೋದ ದಾರಿ ಬರ್ದು ಇಟ್ಟಿರು, ನಾವೂ ಹಂಗೇ ಹೋಗ್ತೀವಿ’ ಅಂದಳು. ಬರೆಯುವುದಕ್ಕೆ ಕೈ ಎತ್ತಬೇಕಾಗಿಲ್ಲವಲ್ಲ. ಅದಕ್ಕೇ ಕೂತಿದ್ದೇನೆ.

ದಾರಿ ಹೇಳಬೇಕಾದರೆ ನಿಮ್ಮಜ್ಜನಿಂದ ಶುರು ಮಾಡಬೇಕು. ಏಳನೇ ಕ್ಲಾಸು ಮುಗಿಸಿದ ಮೇಲೆ ನಾನು ಹೊಸನಗರಕ್ಕೆ ಹೊಲಿಗೆ ಕಲಿಯಲು ಹೋಗುತ್ತಿದ್ದೆ. ನನ್ನ ತವರೂರಿನ ಸ್ಟಾಪಿಗೆ ಸ್ಟಾಪು ಎಂಬ ಬೋರ್ಡೇನೂ ಇರಲಿಲ್ಲ, ಒಂದು ಮೋರಿ, ಒಂದು ಹೆಬ್ಬಲಸಿನ ಮರ. ಜೊತೆಗೆ ಯಾರಾದರೂ ಇದ್ದರೆ ಅವರು ಕೈ ತೋರಿಸುತ್ತಿದ್ದರು, ಅವರ ಸೆರಗಿನ ಮರೆಯಲ್ಲಿ ನಾನೂ ಹತ್ತುತ್ತಿದ್ದೆ. ಒಬ್ಬಳೇ ಇದ್ದ ದಿನ ಬಸ್ಸುಗಳು ಧೂಳು ಎರಚಿಕೊಂಡು ಹೋಗುತ್ತಿದ್ದವು, ನಾನು ಆ ಮರಕ್ಕೆ ಏನೋ ಕೆಲಸವಿದ್ದು ಬಂದವಳ ಹಾಗೆ ತೊಗಟೆ ನೋಡುತ್ತ ನಿಂತಿರುತ್ತಿದ್ದೆ. ಸಾಗರ–ಹೊಸನಗರ–ನಗರ–ತೀರ್ಥಹಳ್ಳಿ ಎಂದು ಓಡುತ್ತಿದ್ದ ಒಂದು ಬಸ್ಸು ಮಾತ್ರ ಕೈ ತೋರಿಸದಿದ್ದರೂ ನಿಲ್ಲುತ್ತಿತ್ತು. ಅದರ ಕಂಡಕ್ಟರಿಗೆ ಸಿಟ್ಟು. ‘ಕೈ ಎತ್ತಕ್ಕೆ ಏನಮ್ಮಾ ಕಷ್ಟ, ಮದರಂಗಿ ಹಚ್ಕಂಡಿದೀಯಾ?’ ಎಂದು ಎಲ್ಲರೆದುರು ಕೇಳುತ್ತಿದ್ದ. ಡ್ರೈವರು ಮಾತ್ರ ತಿರುಗಿಯೂ ನೋಡುತ್ತಿರಲಿಲ್ಲ. ಆ ಡ್ರೈವರೇ ನಿಮ್ಮಜ್ಜ.

ಹೆಣ್ಣು ನೋಡಲು ಬಂದಾಗ ಅವರ ತಾಯಿ ‘ಹುಡುಗಿ ಮಾತಾಡ್ತಾಳೋ ಇಲ್ವೋ?’ ಎಂದು ಅನುಮಾನದಿಂದ ಕೇಳಿದರಂತೆ. ಇವರು, ‘ಮಾತೂ ಆಡಲ್ಲ, ಕೈನೂ ಎತ್ತಲ್ಲ. ನಿಲ್ಸೋ ಜವಾಬ್ದಾರಿ ನಂದು ಬಿಡಮ್ಮ’ ಅಂದರಂತೆ. ಮದುವೆಯಾದ ಎಷ್ಟೋ ದಿನದ ಮೇಲೆ ನಾನು ಕೇಳಿದೆ, ಹತ್ತುವವಳೋ ಸುಮ್ಮನೆ ನಿಂತವಳೋ ಎಂದು ನಿಮಗೆ ಹೇಗೆ ಗೊತ್ತಾಗುತ್ತಿತ್ತು ಅಂತ. ‘ಕಾಲು ನೋಡ್ಬೇಕು. ಬಸ್ಸಿಗೆ ಕಾಯೋರ ಒಂದು ಕಾಲು ಯಾವಾಗ್ಲೂ ಒಂಚೂರು ಮುಂದಿರತ್ತೆ. ಕೈ ತೋರ್ಸೋರಿಗೆ ಯಾರ್ ಬೇಕಾದ್ರೂ ನಿಲ್ಲಿಸ್ತಾರೆ. ತೋರಿಸ್ದೇ ಇರೋರಿಗೆ ನಿಲ್ಸಿದ್ರೆ ಅದು ಡ್ರೈವಿಂಗು’ ಅಂದರು. ಅವರ ಬಾಯಲ್ಲಿ ಬಂದ ಶಾಸ್ತ್ರ ಅದೊಂದೇ.

ಕೈ ತೋರಿಸುವುದರಲ್ಲಿ ಎಷ್ಟು ಬಗೆ ಇದೆ ಎಂದು ನಾನು ಕಲಿತದ್ದೂ ಅವರಿಂದಲೇ. ಮಳೆ ಬರುತ್ತದಾ ಎಂದು ಪರೀಕ್ಷೆ ಮಾಡುವವರ ಹಾಗೆ ಅಂಗೈ ಮೇಲೆ ಮಾಡಿ ಹಿಡಿಯುವವರು ಒಂದು ಜಾತಿ. ಕೊಕ್ಕರೆ ಓಡಿಸುವವರ ಹಾಗೆ ಎರಡೂ ಕೈ ಬೀಸುವವರು ಇನ್ನೊಂದು. ಮೇಷ್ಟ್ರುಗಳು ಕೊಡೆ ತೋರಿಸುತ್ತಾರೆ, ಮುದುಕಿಯರು ಎಲೆಅಡಿಕೆ ಚೀಲ ತೋರಿಸುತ್ತಾರೆ. ಬಸ್ಸು ದಾಟಿ ಹೋದ ಮೇಲೆ ಅದರ ಬೆನ್ನಿಗೆ ಕೈ ತೋರಿಸಿ, ಆಮೇಲೆ ಇಡೀ ದಿನ ಡ್ರೈವರನ್ನು ಬೈಯುವವರೂ ಇದ್ದಾರೆ. ದೇವಸ್ಥಾನಕ್ಕೆ ಹೋದಾಗ ನನಗೊಂದು ಕೆಟ್ಟ ಯೋಚನೆ ಬರುತ್ತದೆ, ಬೈಯಬೇಡಿ. ದೇವರುಗಳೆಲ್ಲ ಬಲಗೈ ಎತ್ತಿ ಅಂಗೈ ತೋರಿಸಿಕೊಂಡು ನಿಂತಿರುತ್ತಾರಲ್ಲ, ಅದು ಅಭಯಹಸ್ತ, ಹೆದರಬೇಡ ಎಂದು ಹೇಳುವ ಕೈ ಎಂದು ಭಟ್ಟರು ಹೇಳುತ್ತಾರೆ. ನನಗೆ ಮಾತ್ರ, ಪಾಪ, ಎಷ್ಟು ಕಾಲದಿಂದ ಕೈ ತೋರಿಸಿಕೊಂಡು ನಿಂತಿದ್ದಾರೆ, ನಾವೇ ಅಲ್ಲವಾ ನಿಲ್ಲಿಸದೆ ಹೋಗುತ್ತಿರುವುದು ಅನ್ನಿಸುತ್ತದೆ.

ಮದುವೆಯಾದ ಹೊಸತರಲ್ಲಿ ಅವರ ಬಸ್ಸಿನಲ್ಲೇ ತೀರ್ಥಹಳ್ಳಿಗೆ ಹೋಗಿದ್ದೆ. ಮಾಸ್ತಿಕಟ್ಟೆಯ ಹತ್ತಿರ ದಾರಿ ಎರಡಾಗುತ್ತದೆ. ಎಡಕ್ಕೆ ಯಡೂರಿನ ಮೇಲೆ ತೀರ್ಥಹಳ್ಳಿ, ಬಲಕ್ಕೆ ಹುಲಿಕಲ್ ಘಾಟಿ ಇಳಿದರೆ ಕುಂದಾಪುರ. ಅಲ್ಲಿ ಅವರು ಕನ್ನಡಿಯಲ್ಲಿ ನನ್ನನ್ನು ನೋಡಿ, ಗಲ್ಲ ಬಲಕ್ಕೆ ಎತ್ತಿ, ‘ಆ ಕಡೆ ಹೋದ್ರೆ ಸಮುದ್ರ. ಒಂದಿನ ತೋರಿಸ್ತೀನಿ’ ಅಂದರು. ಡ್ಯೂಟಿಯ ಮೇಲಿದ್ದಾಗ ಅವರು ನನ್ನ ಹತ್ತಿರ ಆಡಿದ ಮಾತು ಅದೊಂದೇ. ಯಾಕಂದರೆ ಅವರ ತಲೆಯ ಮೇಲೆ ‘ಚಾಲಕರೊಂದಿಗೆ ಮಾತನಾಡಬಾರದು’ ಎಂಬ ಬೋರ್ಡಿತ್ತು. ಆ ಬೋರ್ಡನ್ನು ನಂಬಿ ನಡೆದ ಗಂಡ ಹೆಂಡತಿ ಪ್ರಪಂಚದಲ್ಲಿ ನಾವಿಬ್ಬರೇ ಇರಬೇಕು. ಆಮೇಲೆ ನಿಮ್ಮಪ್ಪ ಹುಟ್ಟಿದ, ಗದ್ದೆ ನಮ್ಮ ಹೆಸರಿಗಾಯಿತು, ಬಾವಿ ತೆಗೆಸಿದೆವು, ಮನೆಗೆ ಹೆಂಚು ಹೊದಿಸಿದೆವು. ಬಸ್ಸು ಪ್ರತಿದಿನ ಅದೇ ಮಾಸ್ತಿಕಟ್ಟೆಯಲ್ಲಿ ಅದೇ ಎಡಕ್ಕೆ ತಿರುಗಿತು. ಬಲಕ್ಕೆ ತಿರುಗಿದರೆ ಸಮುದ್ರ, ಎಡಕ್ಕೆ ತಿರುಗಿದರೆ ಸಂಬಳ. ಕೊಲ್ಲೂರಿಗೆ ಒಂದೆರಡು ಸಲ ಹೋಗಿದ್ದುಂಟು. ಅಲ್ಲಿಂದ ಸಮುದ್ರ ಹತ್ತಿರ ಅಂತಾರೆ, ಆದರೆ ವಾಪಸು ಬಸ್ಸಿನ ಹೊತ್ತಾಗುತ್ತಿತ್ತು. ಹೀಗೆ ಘಾಟಿಯ ನೆತ್ತಿಯ ಮೇಲೆ ಬದುಕಿಯೂ ನಾನು ಸಮುದ್ರ ನೋಡದೆ ಮುದುಕಿಯಾದೆ.

ಬಸ್ಸಿನ ಮಾಲೀಕರು ಬಸ್ಸು ನಿಲ್ಲಿಸಿದ ಮೇಲೆ ಇವರು ಮನೆಯಲ್ಲಿ ಕೂತರು. ಕೂತದ್ದೇ ಕಣ್ಣಿನ ತೊಂದರೆ ಬಂತು. ಕಣ್ಣಿನ ನರ ಸೋಲುತ್ತಿದೆ, ಈಗ ಹಗಲು ಬೆಳಕಿನಲ್ಲಿ ನಿಧಾನವಾಗಿ ಓಡಿಸಬಹುದು, ಕತ್ತಲಾದ ಮೇಲೆ ಬೇಡ, ಮುಂದಿನ ವರ್ಷಕ್ಕೆ ಹಗಲೂ ಬೇಡವಾಗಬಹುದು ಎಂದರು ಡಾಕ್ಟರು. ಒಂದು ವಾರ ಕಳೆದ ಮೇಲೆ ಇವರು ಶಾಲೆ ಮಕ್ಕಳನ್ನು ಕರೆದೊಯ್ಯುತ್ತಿದ್ದ ಹಳೇ ಟೆಂಪೋ ಒಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದರು. ಸೀಟು ಕಿತ್ತರು, ಹಲಗೆ ಹೊಡೆಸಿ ಮಂಚ ಮಾಡಿಸಿದರು, ಗ್ಯಾಸಿನ ಸಣ್ಣ ಒಲೆ ಇಟ್ಟರು, ನಲ್ಲಿ ಇರುವ ನೀರಿನ ಡ್ರಮ್ಮು ಕಟ್ಟಿದರು. ನನ್ನ ಹಳೇ ಸೀರೆಗಳು ಕಿಟಕಿಯ ಪರದೆಯಾದವು. ಕೊನೆಗೆ, ಗುಜರಿಗೆ ಹೋದ ಅವರ ಬಸ್ಸಿನಿಂದ ಬಿಚ್ಚಿ ತಂದಿದ್ದ ಆ ‘ಚಾಲಕರೊಂದಿಗೆ ಮಾತನಾಡಬಾರದು’ ಬೋರ್ಡನ್ನೂ ಮೊಳೆ ಹೊಡೆದು ಕೂರಿಸಿದರು. ‘ಇದೆಂತಕ್ಕೆ ಇದೆಲ್ಲ?’ ಎಂದು ಕೇಳಿದೆ. ‘ಕಣ್ಣಿರೋವಾಗ್ಲೇ ನಿಂಗೆ ಸಮುದ್ರ ತೋರಿಸಿಬಿಡ್ತೀನಿ ಮಾರಾಯ್ತಿ. ಆಮೇಲೆ ನೀನು ನೋಡ್ತಿದ್ರೂ ನಂಗೆ ಅದು ಕಾಣಲ್ಲ’ ಅಂದರು. ಸಮುದ್ರದಲ್ಲಿ ಸೂರ್ಯ ಮುಳುಗುವುದನ್ನು ಮರಳಿನ ಮೇಲೆ ಕೂತು ಇಬ್ಬರೂ ನೋಡುವುದು, ಆಮೇಲೆ ದಡ ಹಿಡಿದು ದಕ್ಷಿಣಕ್ಕೆ ಹೋದಷ್ಟು ಹೋಗುವುದು. ಅದು ಅವರ ಪ್ಲಾನು.

ಮಳೆಗಾಲ ಹಿಡಿಯುವ ಮುಂಚೆ, ಮೇ ತಿಂಗಳ ಕೊನೆಯಲ್ಲಿ ಹೊರಟೆವು. ಹೊರಟದ್ದು ಎಲ್ಲಿಗೆ ಗೊತ್ತಾ? ಸಾಗರಕ್ಕೆ! ಹೆಸರು ಸಾಗರವಾದರೂ ಸಮುದ್ರಕ್ಕೆ ಪೂರ್ತಿ ಉಲ್ಟಾ ದಿಕ್ಕು. ‘ರೂಟು ಅಂದ್ರೆ ಸ್ಟ್ಯಾಂಡಿಂದಾನೇ ಶುರು ಆಗ್ಬೇಕು’ ಎಂದು ಇವರ ಹಟ. ಸಾಗರದ ಬಸ್‌ಸ್ಟ್ಯಾಂಡಿನ ಎದುರು ಒಂದು ಸುತ್ತು ಹಾಕಿ, ಹಾರನ್ ಹೊಡೆದು, ಬಂದ ದಾರಿಯಲ್ಲೇ ತಿರುಗಿದೆವು. ಬಟ್ಟೆಮಲ್ಲಪ್ಪ ದಾಟಿ ಮತ್ತೆ ನಮ್ಮ ಮನೆಯ ಎದುರಿಗೇ ಬಂದಾಗ ಪಕ್ಕದ ಮನೆ ಗೌರಕ್ಕ ರಸ್ತೆಯಲ್ಲಿ ನಿಂತಿದ್ದಳು. ‘ಏನ್ರೋ, ಇಷ್ಟ್ ಬೇಗ ಸಮುದ್ರ ನೋಡ್ಕಂಡ್ ಬಂದ್ರಾ?’ ಎಂದು ಕೈ ಎತ್ತಿದಳು. ಕೈ ಎತ್ತಿದ್ದೇ ತಡ, ಗಾಡಿ ನಿಂತಿತು. ಅವಳು ತಮಾಷೆಗೆ ಎತ್ತಿದ್ದು. ಆದರೆ ನಿಂತ ಗಾಡಿಯನ್ನು ಬಿಡುವವಳಲ್ಲ ಗೌರಕ್ಕ. ‘ಹೊಸನಗರದಲ್ಲಿ ಸ್ವಲ್ಪ ಕೆಲ್ಸ ಇತ್ತು, ಹೆಂಗೂ ನಿಲ್ಸಿದೀರಲ್ಲ’ ಎಂದು ಹತ್ತಿ ನನ್ನ ಮಂಚದ ಮೇಲೆ ಕೂತಳು.

ಆಮೇಲೆ ಶುರುವಾಯಿತು. ಯಾರು ಕೈ ತೋರಿಸಿದರೂ ಇವರ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಮನೆಗಾಡಿ ಇದು, ಬಸ್ಸಲ್ಲ ಎಂದು ಅವರಿಗೂ ಗೊತ್ತು, ಕಾಲಿಗೆ ಗೊತ್ತಿರಲಿಲ್ಲ. ಹತ್ತಿದವರೂ ಒಳಗಿನ ಒಲೆ, ಮಂಚ, ಉಪ್ಪಿನಕಾಯಿ ಭರಣಿ ನೋಡಿ ಒಂದು ಗಳಿಗೆ ಗಾಬರಿಯಾಗಿ, ಆಮೇಲೆ ಸಲೀಸಾಗಿ ಕೂತುಬಿಡುತ್ತಿದ್ದರು. ದುಡ್ಡು ಕೊಡಲು ಬಂದರೆ ಇವರು ತೆಗೆದುಕೊಳ್ಳುತ್ತಿರಲಿಲ್ಲ. ಹಾಗಾಗಿ ಸೌತೆಕಾಯಿ, ಹಲಸಿನ ಹಪ್ಪಳ, ಒಂದು ಬುಟ್ಟಿ ಕಾಟುಮಾವು ನಮ್ಮ ಗಾಡಿಯಲ್ಲಿ ಉಳಿದವು. ಮದುವೆಯಾದಂದಿನಿಂದ ನಾನು ಮನೆಗೆ ಬಂದ ನೆಂಟರಿಗೆ ಕಾಫಿ ಮಾಡಿದವಳು. ಈಗ ಮನೆಯೇ ನೆಂಟರ ಹತ್ತಿರ ಹೋಗಿ ಹೋಗಿ ನಿಲ್ಲುತ್ತಿತ್ತು.

ನಗರದಲ್ಲಿ ಕೋಟೆಯ ಹತ್ತಿರ ನೆರಳು ನೋಡಿ ನಿಲ್ಲಿಸಿ ಅನ್ನಕ್ಕಿಟ್ಟೆ. ರಸ್ತೆ ಬದಿಯಲ್ಲಿ ಅಡುಗೆ ಮಾಡುವುದೆಂದರೆ ನನಗೆ ಜೀವ ಹೋದಷ್ಟು ನಾಚಿಕೆ. ಕೋಟೆ ನೋಡಲು ಬಂದವರೆಲ್ಲ ಕೋಟೆ ಬಿಟ್ಟು ನನ್ನ ಕುಕ್ಕರು ನೋಡುತ್ತಿದ್ದರು. ಸೆರಗು ತಲೆ ಮೇಲೆ ಎಳೆದುಕೊಂಡೆ. ‘ಯಾಕೆ ನಾಚ್ಕೆ? ಈ ಊರಿನ ರಾಜರು ಎರಡ್ ಸಲ ಮನೆ ಬದ್ಲಾಯ್ಸಿದೋರು’ ಅಂದರು ಇವರು. ನಿಜ, ನಮ್ಮ ಶಾಲೆಯಲ್ಲೂ ಹೇಳಿಕೊಟ್ಟಿದ್ದರು. ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಆಮೇಲೆ ಬಿದನೂರು, ಅದೇ ಈ ನಗರ. ಆನೆ, ಕುದುರೆ, ಪಾತ್ರೆ ಪಗಡೆ ಎಲ್ಲ ಹೊತ್ತುಕೊಂಡು ಅರಮನೆಯೇ ಊರಿಂದೂರಿಗೆ ಹೋಯಿತಂತೆ. ಆ ರಾಣಿಯರಲ್ಲಿಯೂ ಒಬ್ಬಳಾದರೂ ನನ್ನಂಥವಳು ಇದ್ದಿರಬೇಕು, ದಾರಿಯಲ್ಲಿ ಒಲೆ ಹೂಡುವಾಗ ಸೆರಗು ಎಳೆದುಕೊಂಡವಳು. ಹಾಗೆ ಅಂದುಕೊಂಡ ಮೇಲೆ ಸಾರಿಗೆ ಉಪ್ಪು ಹಾಕುವ ಧೈರ್ಯ ಬಂತು.

ಇನ್ನೊಂದು ನಾಚಿಕೆಯ ವಿಷಯ. ಸಿಂಚು, ಇದು ನಿನಗೆ ಮಾತ್ರ. ಗಾಡಿಯಲ್ಲಿ ಎಲ್ಲ ಇತ್ತು, ಕಕ್ಕಸು ಇರಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ಕೇಳಬಹುದು. ಆದರೆ ಕೇಳುವವರು ಯಾರು? ನಾನು ಬೆಳಗಿನಿಂದ ನೀರು ಕುಡಿಯುವುದನ್ನೇ ಬಿಟ್ಟಿದ್ದೆ. ಇವರು ಅದನ್ನು ಗಮನಿಸಿದರು ಎಂದು ಕಾಣುತ್ತದೆ. ಟ್ಯಾಂಕು ಒಮ್ಮೆಗೇ ತುಂಬಿಸುವುದನ್ನು ಬಿಟ್ಟು ಸಿಕ್ಕ ಬಂಕಿನಲ್ಲೆಲ್ಲ ಸ್ವಲ್ಪ ಸ್ವಲ್ಪ ಡೀಸೆಲ್ಲು ಹಾಕಿಸಿಕೊಳ್ಳತೊಡಗಿದರು. ಹಾಕಿಸುತ್ತ, ‘ಕೈಕಾಲು ತೊಳ್ಕಳಕ್ಕೆ ಎಲ್ಲಪ್ಪಾ?’ ಎಂದು ತಮಗೇ ಬೇಕಾದ ಹಾಗೆ ಕೇಳಿ, ನನ್ನ ಕಡೆ ನೋಡದೆಯೇ ಅಲ್ಲಿನ ಕಕ್ಕಸಿನ ಕೀ ತಂದು ಡ್ಯಾಶ್‌ಬೋರ್ಡಿನ ಮೇಲೆ ಇಡುತ್ತಿದ್ದರು. ಮದುವೆ ಅಂದರೇನು ಎಂದು ಯಾರಾದರೂ ನನ್ನನ್ನು ಕೇಳಿದರೆ ನಾನು ಆ ಕೀ ನೆನಪು ಮಾಡಿಕೊಳ್ಳುತ್ತೇನೆ.

ನಗರದಿಂದ ಮುಂದೆ ಒಂದು ತಿರುವಿನಲ್ಲಿ ಗಾಡಿ ನಿಧಾನ ಮಾಡಿ, ಯಾರೂ ಇಲ್ಲದ ಕಡೆ ಎರಡು ಸಲ ಹಾರನ್ ಹೊಡೆದರು. ಕೆಳಗೆ ಹಿನ್ನೀರು. ಮೊದಲು ರಸ್ತೆ ಕೆಳಗೇ ಇತ್ತು, ಅಲ್ಲೊಂದು ಸ್ಟಾಪು, ಒಂದು ಚಾದಂಗಡಿ. ಡ್ಯಾಮಿನ ನೀರು ನಿಂತ ಮೇಲೆ ರಸ್ತೆ ಮೇಲೆ ಸರಿಯಿತು, ಸ್ಟಾಪು ನೀರಿನಡಿಗೆ ಹೋಯಿತು. ಬಸ್ಸು ಓಡಿಸುವಷ್ಟು ದಿನವೂ ಇವರು ಅಲ್ಲಿ ಹಾರನ್ ಹೊಡೆಯುತ್ತಿದ್ದರಂತೆ. ನಾನು ಯಾಕೆ ಎಂದು ಕೇಳಲಿಲ್ಲ. ತಲೆಯ ಮೇಲೆ ಬೋರ್ಡಿತ್ತಲ್ಲ.

ಬೋರ್ಡಿನ ಮಹಿಮೆ ತಿಳಿದದ್ದು ಅದಾದ ಮೇಲೆ. ಮಾಸ್ತಿಕಟ್ಟೆಯ ಕವಲು ಬಂತು. ನಾನು ಹಿಂದಿನ ಮಂಚದಲ್ಲಿ ಕೂತು, ಈಗ ಬಲಕ್ಕೆ ತಿರುಗುತ್ತದೆ, ಈಗ ತಿರುಗುತ್ತದೆ ಎಂದು ಎದೆ ಹಿಡಿದುಕೊಂಡಿದ್ದೆ. ಗಾಡಿ ಎಡಕ್ಕೆ ತಿರುಗಿತು. ಇವರ ತೋಳುಗಳು, ಬೇರೆ ದಾರಿಯೊಂದು ಇದೆ ಎಂಬುದೇ ಗೊತ್ತಿಲ್ಲದವರ ಹಾಗೆ, ಸ್ಟೇರಿಂಗನ್ನು ಎಡಕ್ಕೆ ಎಳೆದವು. ಏನೋ ಕಾರಣ ಇರಬೇಕು ಎಂದುಕೊಂಡೆ. ಯಡೂರು ಬಂತು, ಹೋಯಿತು. ಕೈ ತೋರಿಸಿದವರು ಹತ್ತಿದರು, ಇಳಿದರು. ಸಂಜೆಯ ಹೊತ್ತಿಗೆ ತೀರ್ಥಹಳ್ಳಿಯಲ್ಲಿ ತುಂಗೆಯ ದಡದಲ್ಲಿ ನಿಂತೆವು. ಇವರು ಇಳಿದು, ಮೈ ಮುರಿದು, ಹೊಳೆಯ ಬಂಡೆಗಳನ್ನು ನೋಡಿ, ಇದ್ದಕ್ಕಿದ್ದ ಹಾಗೆ ತಲೆ ಮೇಲೆ ಕೈ ಇಟ್ಟುಕೊಂಡರು.

‘ಅಯ್ಯೋ ಶಿವನೇ! ಎಡಕ್ ತಿರುಗ್ಸಿಬಿಟ್ನಲ್ಲೇ!’

‘ಹೌದು.’

‘ಹೌದು ಅಂತೀಯಲ್ಲ! ನಿಂಗೆ ಗೊತ್ತಾಯ್ತಾ?’

‘ಮಾಸ್ತಿಕಟ್ಟೇಲೇ ಗೊತ್ತಾಯ್ತು.’

‘ಮತ್ತೆ ಬಾಯಲ್ಲೇನು ಅವಲಕ್ಕಿ ಇಟ್ಕಂಡಿದ್ಯಾ? ಹೇಳೋಕಾಗ್ಲಿಲ್ವಾ?’

ನಾನು ಬೋರ್ಡಿನ ಕಡೆ ಬೆರಳು ತೋರಿಸಿದೆ. ‘ಚಾಲಕರ ಹತ್ರ ಮಾತಾಡ್ಬಾರ್ದು ಅಂತ ನೀವೇ ಮೊಳೆ ಹೊಡ್ದಿದೀರಿ.’

ಅವರು ಬೋರ್ಡು ನೋಡಿದರು, ನನ್ನನ್ನು ನೋಡಿದರು. ನಗು ಶುರುವಾದದ್ದು ನಿಲ್ಲಲೇ ಇಲ್ಲ. ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ತಿರುಗಿ ನೋಡುವಷ್ಟು ನಕ್ಕರು. ನನಗೆ ನಾಚಿಕೆಯಾಯಿತು, ಆದರೂ ನಕ್ಕೆ. ಆಮೇಲೆ ಅವರು ಮೆತ್ತಗೆ, ‘ಅಲ್ಲಾ, ಇಷ್ಟ್ ವರ್ಷದಲ್ಲಿ ಇನ್ನೇನೇನು ನಂಗೆ ಹೇಳ್ದೆ ಬಿಟ್ಟಿದೀಯ ಮಾರಾಯ್ತಿ?’ ಅಂದರು. ಅದಕ್ಕೆ ನಗಲಾಗಲಿಲ್ಲ. ತುಂಗೆಯಲ್ಲಿ ಕಾಲಿಟ್ಟುಕೊಂಡು ಕೂತು, ಕತ್ತಲಾಗುವವರೆಗೂ ಅಷ್ಟಿಷ್ಟು ಹೇಳಿದೆ. ನೀರಿನಡಿಯ ಸ್ಟಾಪಿಗೆ ಯಾಕೆ ಹಾರನ್ ಎಂದೂ ಕೇಳಿದೆ. ‘ಅಲ್ಲೊಬ್ಳು ಅಜ್ಜಿ ದಿನಾ ಬಾಗ್ಲಿಗೆ ಬಂದು ನೋಡ್ತಿದ್ಲು. ಹತ್ತೋಳೇ ಅಲ್ಲ, ಬಸ್ಸು ಬಂತು ಅಂತ ನೋಡಕ್ಕೆ ಅಷ್ಟೇ. ಅವಳಿಗೆ’ ಅಂದರು. ಮುಗಿಯಿತು ಅಂದುಕೊಂಡರೆ, ‘ಸಮುದ್ರದ್ದೊಂದು ದಿನ ಕಳ್ದೆ’ ಎಂದು ಬೇಜಾರು ಮಾಡಿಕೊಂಡರು. ಕಳೆದದ್ದೇನೂ ಇಲ್ಲ ಎಂದು ನನಗೆ ಅನ್ನಿಸಿತ್ತು. ಅದನ್ನೂ ಹೇಳಿದೆ.

ಬೆಳಿಗ್ಗೆ ಎದ್ದು ನೋಡಿದರೆ ಬೋರ್ಡಿನ ಜಾಗದಲ್ಲಿ ಬರೀ ಮೊಳೆಯ ತೂತುಗಳು. ಬೋರ್ಡು ಮಂಚದ ಕೆಳಗಿತ್ತು, ಆಮೇಲೆ ನಾನು ಅದರ ಮೇಲೆ ತರಕಾರಿ ಹೆಚ್ಚಿದೆ. ‘ಇವತ್ತಿಂದ ಮುಂದೆ ಕೂತ್ಕ. ನಾನು ಓಡ್ಸದು, ನೀನು ಹೇಳದು’ ಎಂದು ಪಕ್ಕದ ಸೀಟಿನ ಬಾಗಿಲು ತೆಗೆದು ನಿಂತರು. ಹಾಗೆ ನಾನು ಮೊದಲ ಸಲ ಅವರ ಪಕ್ಕದಲ್ಲಿ ಕೂತು ರಸ್ತೆಯನ್ನು ಎದುರಿನಿಂದ ನೋಡಿದೆ. ಮಾಸ್ತಿಕಟ್ಟೆಯ ಕವಲಿನಲ್ಲಿ ನನಗೇ ಕೇಳಿಸದಷ್ಟು ಸಣ್ಣದಾಗಿ ‘ಸಮುದ್ರದ ಕಡೆ’ ಅಂದೆ. ಅವರು ಕೈಯಿಂದ ಕಿವಿ ಮುಟ್ಟಿ ತೋರಿಸಿದರು. ‘ಸಮುದ್ರದ ಕಡೆ!’ ಎಂದು ಕೂಗಿದೆ. ಹಿಂದೆ ಕೂತಿದ್ದ ಯಾರೋ ಹಳ್ಳಿಯವರು ‘ಹಂಗೆ ಹೇಳ್ರಮ್ಮ!’ ಅಂದರು. ಘಾಟಿಯ ತಲೆಯಲ್ಲಿ ಅಮ್ಮನವರ ಗುಡಿಯಿದೆ, ಡ್ರೈವರುಗಳೆಲ್ಲ ಅಲ್ಲಿ ನಿಲ್ಲಿಸಿ ಕೈಮುಗಿದೇ ಇಳಿಯುವುದು. ನಾವೂ ಕಾಯಿ ಒಡೆಸಿ ಇಳಿದೆವು.

ಕುಂದಾಪುರ ದಾಟಿ, ಹೊಳೆಯ ಸೇತುವೆಗಳನ್ನು ದಾಟಿ ಮರವಂತೆಗೆ ಬಂದಾಗ ನನ್ನ ಕಡೆಯ ಕಿಟಕಿಯಲ್ಲಿ ಸಮುದ್ರ ಬಂತು. ಒಂದೇ ಸಲಕ್ಕೆ, ಹೇಳದೆ ಕೇಳದೆ. ಆ ಕಡೆ ಹೊಳೆ, ಈ ಕಡೆ ಸಮುದ್ರ, ನಡುವೆ ರಸ್ತೆ, ರಸ್ತೆಯ ಮೇಲೆ ನಮ್ಮ ಮನೆ. ಇವರಿಗೆ ತಡೆಯಲಾಗಲಿಲ್ಲ. ‘ಹೆಂಗಿದೆ?’ ‘ಲಿಂಗನಮಕ್ಕಿಗಿಂತ ದೊಡ್ಡದು’ ಅಂದೆ. ಇವರಿಗೆ ಅಷ್ಟು ಸಾಕಾಯಿತು. ಇನ್ನೂ ಸ್ವಲ್ಪ ಮುಂದೆ ಹೋಗಿ ಮರದಡಿ ನಿಲ್ಲಿಸಿ ಊಟ ಮಾಡಿ ಮಲಗಿದೆವು. ನಾಲ್ಕೈದು ದಿನದಿಂದ ಸಂಜೆಯಾದರೆ ಮೋಡ ಕಟ್ಟುತ್ತಿತ್ತು, ಆವತ್ತು ಮಾತ್ರ ಪಡುವಣ ತಿಳಿಯಾಗಿತ್ತು. ಬಿಸಿಲು ಇಳಿಯುತ್ತಲೇ, ಮರವಂತೆಯ ಮರಳಿನಲ್ಲಿ ಕೂರೋಣ ಎಂದು ಗಾಡಿಯನ್ನು ವಾಪಸು ತಿರುಗಿಸಿದೆವು. ಚಾಪೆ ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಫ್ಲಾಸ್ಕಿನಲ್ಲಿ ಕಾಫಿ ಇತ್ತು.

ಸ್ವಲ್ಪ ದೂರ ಬಂದಿದ್ದೆವು. ರಸ್ತೆಯ ಬದಿಯಲ್ಲಿ ಒಬ್ಬಳು ಹುಡುಗಿ ನಿಂತಿದ್ದಳು. ಕೈ ಎತ್ತಿರಲಿಲ್ಲ. ಎರಡೂ ಕೈಗಳನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಬೇರೆ ಕಡೆ ನೋಡುತ್ತಿದ್ದಳು. ನಮ್ಮ ಮುಂದೆ ಹೋದ ಬಸ್ಸು ಅವಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಹೋಗಿತ್ತು. ನಾನು ಅವಳ ಕಾಲು ನೋಡಿದೆ. ಒಂದು ಕಾಲು ಒಂಚೂರು ಮುಂದಿತ್ತು.

ಇವರು ಬ್ರೇಕಿನ ಕಡೆ ಕಾಲು ಸರಿಸಲಿಲ್ಲ. ಆಗ ನನಗೆ ಅರ್ಥವಾಯಿತು. ಜಗತ್ತಿನಲ್ಲಿ ಕೈ ಎತ್ತದವರಿಗೂ ನಿಲ್ಲಿಸುತ್ತಿದ್ದ ಒಬ್ಬನೇ ಡ್ರೈವರಿಗೆ ರಸ್ತೆಯ ಬದಿ ಕಾಣಿಸುತ್ತಿಲ್ಲ. ಎದುರಿನದು ಕಾಣುತ್ತದೆ, ಪಕ್ಕದ್ದು ಹೋಗಿದೆ. ಅವರು ನನಗೆ ಹೇಳಿರಲಿಲ್ಲ. ನಿಲ್ಲಿಸಿ ಅವಳನ್ನು ಅವಳೂರಿಗೆ ಬಿಡಲು ಹೋದರೆ ಸೂರ್ಯ ತಪ್ಪಿ ಹೋಗುತ್ತಾನೆ ಎಂಬುದೂ ನನಗೆ ಗೊತ್ತಿತ್ತು. ಇಷ್ಟು ವರ್ಷ ಕಾದ ಸೂರ್ಯ ಅದು.

‘ನಿಲ್ಸಿ!’ ಅಂದೆ. ಗಾಡಿ ನಿಂತಿತು.

‘ಯಾರು ಕೈ ತೋರ್ಸಿದ್ದು?’

‘ಯಾರೂ ತೋರಿಸ್ಲಿಲ್ಲ.’

ಅವರು ನನ್ನ ಕಡೆ ತಿರುಗಿದರು. ‘ಕಾಲು ಮುಂದಿತ್ತಾ?’ ಎಂದು ಕೇಳಿದರು. ಹೌದು ಅಂದೆ. ‘ಹಂಗಾದ್ರೆ ಹತ್ತಿಸ್ಕ’ ಅಂದರು.

ಹುಡುಗಿ ಓಡಿ ಬಂದು ಕಿಟಕಿಯ ಹತ್ತಿರ ಸಣ್ಣ ದನಿಯಲ್ಲಿ, ‘ಕುಂದಾಪ್ರಕ್ಕೆ ಹೋತ್ತಾ?’ ಎಂದು ಕೇಳಿದಳು. ‘ಹೋಗತ್ತೆ, ಹತ್ತು ಮಗಾ’ ಅಂದೆ. ಒಳಗೆ ಕಾಲಿಟ್ಟವಳೇ, ‘ಅಯ್ಯಬ್ಬಾ, ಇಲ್ಲ್ ಅಡ್ಗಿಮನಿ ಇತ್ತಲ್ದಾ!’ ಎಂದು ಬಾಯಿಗೆ ಕೈ ಇಟ್ಟುಕೊಂಡಳು. ಆಗ ಕಂಡಿತು, ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆಯ ಎಣ್ಣೆ ಹತ್ತಿ ಕಪ್ಪಾದ ಬೆರಳುಗಳು. ಕೈ ಯಾಕೆ ತೋರಿಸಲಿಲ್ಲ ಎಂದು ನಾನು ಕೇಳಲಿಲ್ಲ. ಆ ಪ್ರಶ್ನೆ ಕೇಳುವ ಹಕ್ಕು ನನಗಂತೂ ಇಲ್ಲ.

ಅವಳಿಗೆ ಮನೆಗೆ ಬೇಗ ಮುಟ್ಟಬೇಕಿತ್ತು, ಕತ್ತಲಲ್ಲಿ ಇವರು ಓಡಿಸುವ ಹಾಗಿಲ್ಲದ್ದರಿಂದ ನಮಗೆ ಅದಕ್ಕೆ ಮೊದಲೇ ಕುಂದಾಪುರ ಸೇರಬೇಕಿತ್ತು. ಮರವಂತೆಯ ಮರಳಿನ ಹತ್ತಿರ ನಿಲ್ಲಿಸುವ ಹಾಗಿರಲಿಲ್ಲ. ಈಗ ಸಮುದ್ರ ಅವರ ಕಡೆಯ ಕಿಟಕಿಗೆ ಬಂದಿತ್ತು. ಸೂರ್ಯ ನೀರಿಗೆ ಮುಟ್ಟುವುದನ್ನು ನಾನು ಅವರ ಮುಖದ ಆಚೆಯಿಂದ ನೋಡಿದೆ. ಅವರ ಮೂಗು, ಅವರ ಕನ್ನಡಕ, ನರೆತ ಮೀಸೆ, ಎಲ್ಲದರ ಅಂಚಿಗೂ ಕೆಂಪು ಹತ್ತಿತ್ತು. ಅವರು ಡ್ರೈವರಲ್ಲವಾ, ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

‘ಮುಳುಗ್ತಾ?’

‘ಅರ್ಧ ಆಗಿದೆ.’

‘ಹೆಂಗಿದೆ ಹೇಳು ಮತ್ತೆ.’

ಹೇಳಿದೆ. ಬಾಣಲೆಯಲ್ಲಿ ಎಣ್ಣೆ ಕಾದ ಹಾಗೆ ನೀರು ನಡುಗುತ್ತಿದೆ ಎಂದೆ. ಸೂರ್ಯನ ಕೆಳಭಾಗ ಚಪ್ಪಟೆಯಾಯಿತು, ಮಣೆಯ ಮೇಲೆ ಕೂತ ಹಾಗೆ ಎಂದೆ. ಒಂದು ದೋಣಿ ಅಡ್ಡ ಬಂತು ಎಂದೆ, ಹೋಯಿತು ಎಂದೆ. ನನಗೆ ಗೊತ್ತಿದ್ದ ಮಾತುಗಳೆಲ್ಲ ಅಡುಗೆಮನೆಯವು. ಅವರು ತಲೆಯಾಡಿಸುತ್ತ ಓಡಿಸಿದರು. ಹಿಂದಿನಿಂದ ಆ ಹುಡುಗಿ, ‘ಅಜ್ಜಿ, ದಿನಾ ಕಾಣ್ತೆ ನಾನ್, ಇಷ್ಟ್ ಲಾಯ್ಕ್ ಇತ್ತ್ ಅಂದೇಳಿ ಗೊತ್ತೇ ಇರ್ಲಿಲ್ಲ’ ಅಂದಳು. ಕೊನೆಗೆ ‘ಮುಳುಗ್ತು’ ಅಂದೆ. ‘ಸರಿ’ ಎಂದು ಅವರು ಹೆಡ್‌ಲೈಟು ಹಾಕಿದರು.

ಆಮೇಲೆ ಮಲ್ಪೆ, ಕಾಪು, ಉಳ್ಳಾಲ ಎಂದು ದಡ ಹಿಡಿದು ಹೋದೆವು. ಒಂದು ಸಂಜೆಯೂ ಸೂರ್ಯ ಕಾಣಲಿಲ್ಲ, ಮೋಡ ಮುಚ್ಚಿಕೊಂಡುಬಿಟ್ಟಿತು. ಆ ಕಡೆಯವರ ತುಳು ನಮಗೆ ತಿಳಿಯುತ್ತಿರಲಿಲ್ಲ, ಆದರೆ ಎತ್ತಿದ ಕೈ ಯಾವ ಭಾಷೆಯಲ್ಲೂ ಎತ್ತಿದ ಕೈಯೇ. ಇಡೀ ದಾರಿ ಇವರು ‘ಬಲಗಡೆ?’ ‘ಎಡಗಡೆ?’ ಎಂದು ಕೇಳುವುದು, ನಾನು ಹೇಳುವುದು. ಮಲ್ಪೆಯಲ್ಲಿ ಹತ್ತಿದ ಮೀನಿನ ಹೆಂಗಸು ಬಂಗುಡೆ ಕೊಟ್ಟು ಇಳಿದಳು. ಅದರ ವಾಸನೆ ಊರಿಗೆ ಬರುವವರೆಗೆ ನಮ್ಮ ಜೊತೆಗಿತ್ತು. ಗೌರಕ್ಕ ಅಂಗಳಕ್ಕೆ ಬಂದವಳೇ, ‘ಸಮುದ್ರನೇ ತಂದ್ಬಿಟ್ರಾ ಹೆಂಗೆ?’ ಎಂದು ಮೂಗು ಮುಚ್ಚಿಕೊಂಡಳು.

ಡಾಕ್ಟರು ಹೇಳಿದ ಹಾಗೆ ಮರುವರ್ಷ ಸ್ಟೇರಿಂಗು ಬಿಡಬೇಕಾಯಿತು. ಗಾಡಿ ಶೆಡ್ಡಿನಲ್ಲಿ ನಿಂತಿತು. ಸಂಜೆಯಾದರೆ ಅವರು ಹೋಗಿ ಡ್ರೈವರ್ ಸೀಟಿನಲ್ಲಿ ಕೂರುತ್ತಿದ್ದರು, ನಾನು ಪಕ್ಕದಲ್ಲಿ. ‘ಯಾರು ನಿಂತಿದಾರೆ ನೋಡು’ ಎನ್ನುತ್ತಿದ್ದರು. ರಸ್ತೆಯಲ್ಲಿ ಹೋಗುವವರನ್ನೆಲ್ಲ ಹೇಳುತ್ತಿದ್ದೆ. ಯಾರೂ ಇಲ್ಲದ ದಿನ ಇದ್ದಾರೆ ಎಂದು ಹೇಳಿದ್ದೂ ಉಂಟು. ಅವರು ಹೋದದ್ದು ಆ ಚಳಿಗಾಲದಲ್ಲಿ. ಅದನ್ನು ಇಲ್ಲಿ ಬರೆಯುವುದಿಲ್ಲ, ನೀವೇ ಇದ್ದಿರಲ್ಲ.

ದಾರಿ ಬರೆದದ್ದಾಯಿತು. ಸಾಗರದಿಂದಲೇ ಶುರು ಮಾಡಿ. ಮಾಸ್ತಿಕಟ್ಟೆಯಲ್ಲಿ ಬಲಕ್ಕೆ, ಆದರೆ ಎಡಕ್ಕೆ ತಿರುಗಿದರೂ ಬೇಜಾರು ಮಾಡಿಕೊಳ್ಳಬೇಡಿ. ಹಿನ್ನೀರಿನ ತಿರುವಿನಲ್ಲಿ ಎರಡು ಸಲ ಹಾರನ್. ಚೇತು, ಡೀಸೆಲ್ಲನ್ನು ಒಮ್ಮೆಗೇ ತುಂಬಿಸಬೇಡ, ಹೆಂಗಸರಿರುವ ಗಾಡಿ. ಮತ್ತೆ ಮಂಡಿನೋವಿಗೆ ಎಣ್ಣೆ ಇದೆ, ಹಚ್ಚಿದರೆ ಅರ್ಧ ದಿನ ತಡೆಯುತ್ತದೆ. ಮುಂದಿನ ಸೀಟು ಸಿಂಚುವಿನದೇ ಇರಲಿ. ಮರವಂತೆಯಿಂದ ಕುಂದಾಪುರದವರೆಗೆ ಮಾತ್ರ ಬೇರೆ ಯಾರಾದರೂ ಕೂರಬಹುದು.

ರಜೆ ಶುರುವಾದ ದಿನ ನೀವು ಸಾಗರಕ್ಕೆ ಹೋಗಿ, ಹಾರನ್ ಹೊಡೆದು, ಮತ್ತೆ ಮನೆಯ ಎದುರು ಬರುತ್ತೀರಲ್ಲ, ಆಗ ಇಲ್ಲಿನ ಮೋರಿಯ ಹತ್ತಿರ ಸ್ವಲ್ಪ ನಿಧಾನ ಮಾಡಿ. ನಾನು ಅಲ್ಲೇ ಎಲ್ಲೋ ಇರುತ್ತೇನೆ, ಬಾಳೆಗಿಡ ನೋಡುತ್ತಲೋ ಏನೋ. ಕೈ ಎತ್ತುತ್ತೇನೆ ಎಂದು ಕಾಯಬೇಡಿ, ಅದು ನನ್ನಿಂದ ಆಗುವುದಿಲ್ಲ.

ಕಾಲು ನೋಡಿ.